ಕೋಟಿನ ಜೇಬು: ಸೀಳಿದ ಬಟ್ಟೆಯನ್ನು ಮತ್ತೆ ಗಟ್ಟಿಗೊಳಿಸುವ ಬಗೆ

ಕೋಟು ಹೊಲಿಯುವಾಗ ಬಟ್ಟೆಯನ್ನು ಕತ್ತರಿಸುವ ಕೆಲಸ ಬಹುಮಟ್ಟಿಗೆ ಆರಂಭದಲ್ಲೇ ಮುಗಿದಿರುತ್ತದೆ. ಮುಂಭಾಗ, ಬೆನ್ನು, ಪಕ್ಕದ ತುಂಡು, ತೋಳು, ಕಾಲರ್ ಎಲ್ಲವನ್ನೂ ಅಂಚಿನಲ್ಲಿ ಮಾರ್ಜಿನ್ ಬಿಟ್ಟು ಕತ್ತರಿಸುವುದರಿಂದ, ಅಳತೆ ತುಸು ಹೆಚ್ಚುಕಡಿಮೆಯಾದರೂ ಹೊಲಿಗೆ ಬಿಚ್ಚಿ ಸರಿಪಡಿಸಲು ಅವಕಾಶವಿರುತ್ತದೆ. ಜೇಬಿಗೆ ಆ ಅವಕಾಶವಿಲ್ಲ. ಆಗಲೇ ಆಕಾರ ಪಡೆದಿರುವ ಮುಂಭಾಗದ ನಟ್ಟನಡುವೆ, ಯಾವ ಅಂಚಿಗೂ ತಾಗದ ಜಾಗದಲ್ಲಿ, ಸುಮಾರು 6 ಇಂಚು ಉದ್ದಕ್ಕೆ ಕತ್ತರಿ ಆಡಿಸಬೇಕು. ಆ ಸೀಳು ಒಮ್ಮೆ ಬಿದ್ದಮೇಲೆ ಅದನ್ನು ಮೇಲಕ್ಕಾಗಲಿ ಕೆಳಕ್ಕಾಗಲಿ ಸರಿಸಲು ಬರುವುದಿಲ್ಲ. ಕೈಯಿಂದ ಕೋಟು ಹೊಲಿಯುವವರು ಜೇಬಿನ ವಿಷಯದಲ್ಲಿ ಪಾಲಿಸುವ ಕ್ರಮಗಳು ಹೊರಗಿನವರಿಗೆ ಅತಿಯಾದ ಎಚ್ಚರದಂತೆ ಕಾಣಬಹುದು. ಆದರೆ ಅವೆಲ್ಲವೂ ಸೀಳಿದ ಬಟ್ಟೆ ಸೀಳದ ಬಟ್ಟೆಯಷ್ಟೇ ಭಾರ ತಾಳಬೇಕು, ಅದರಷ್ಟೇ ನೇರವಾಗಿ ಇಳಿಬೀಳಬೇಕು ಎಂಬ ಒಂದೇ ಅಗತ್ಯದಿಂದ ಹುಟ್ಟಿದವು.

ಈ ಸೀಳು ಬಟ್ಟೆಗೆ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಕೋಟಿನ ಮುಂಭಾಗವನ್ನು ಕತ್ತರಿಸುವಾಗ ಬಟ್ಟೆಯ ಹಾಸಿನ ಎಳೆಗಳು ಭುಜದಿಂದ ಕೆಳಅಂಚಿನವರೆಗೆ ನೆಟ್ಟಗೆ ಇಳಿಯುವಂತೆಯೂ ಹೊಕ್ಕಿನ ಎಳೆಗಳು ಅಡ್ಡಲಾಗಿ ಹಾಯುವಂತೆಯೂ ಇಡುತ್ತಾರೆ. ಹಾಸಿನ ಎಳೆ ಹೊಕ್ಕಿನ ಎಳೆಗಿಂತ ಕಡಿಮೆ ಹಿಗ್ಗುವುದರಿಂದ ಕೋಟಿನ ಕೆಳಭಾಗದ ತೂಕವನ್ನು ಹೊರುವುದು ಮುಖ್ಯವಾಗಿ ಅದೇ. ಕೆಳಜೇಬಿನ ಅಡ್ಡ ಸೀಳು ತನ್ನ ಉದ್ದಕ್ಕೂ ಬರುವ ಪ್ರತಿಯೊಂದು ಹಾಸಿನ ಎಳೆಯನ್ನೂ ತುಂಡರಿಸುತ್ತದೆ. ಅಲ್ಲಿಯವರೆಗೆ ಆ ಎಳೆಗಳೆಲ್ಲ ಹಂಚಿಕೊಂಡಿದ್ದ ಭಾರ ಈಗ ಸೀಳಿನ ಎರಡು ತುದಿಗಳ ಮೇಲೆ ಬೀಳುತ್ತದೆ. ಅದರ ಜೊತೆಗೆ ಜೇಬಿನೊಳಗೆ ಹಾಕಿದ ವಸ್ತುವಿನ ತೂಕ, ಒಳಗೆ ತೂರುವ ಕೈಯ ಎಳೆತ ಎರಡೂ ಸೇರಿಕೊಳ್ಳುತ್ತವೆ. ಹಳೆಯ ಕೋಟುಗಳಲ್ಲಿ ಜೇಬು ಹರಿಯುವುದು ನಡುವಿನಲ್ಲಲ್ಲ, ಮೂಲೆಗಳಲ್ಲಿ ಎಂಬುದಕ್ಕೆ ಕಾರಣ ಇದೇ.

ಆದ್ದರಿಂದ ಜೇಬಿನ ಕೆಲಸ ಆರಂಭವಾಗುವುದು ಬಟ್ಟೆಯ ಒಳಮೈಯಲ್ಲಿ. ಸೀಳು ಬರಬೇಕಾದ ಜಾಗಕ್ಕೆ ಹಿಂದಿನಿಂದ ಲಿನನ್ ಬಟ್ಟೆಯ ಅಥವಾ ಒತ್ತಾಗಿ ನೇಯ್ದ ಹತ್ತಿಯ ಪಟ್ಟಿಯೊಂದನ್ನು ಇಟ್ಟು ಕಚ್ಚಾ ಹೊಲಿಗೆ ಹಾಕುತ್ತಾರೆ. ಇದರ ಅಗಲ ಸುಮಾರು 2 ಇಂಚು. ಉದ್ದ ಮಾತ್ರ ಜೇಬಿನ ಬಾಯಿಗಿಂತ ಹೆಚ್ಚಾಗಿ, ಹಿಂಬದಿಯಲ್ಲಿ ಪಕ್ಕದ ಹೊಲಿಗೆಯವರೆಗೂ ಸಾಗುತ್ತದೆ. ಎದೆಯ ಜೇಬಿನಲ್ಲಾದರೆ ಇದೇ ಪಟ್ಟಿ ಕಂಕುಳಿನ ಸುತ್ತಿನವರೆಗೆ ಹೋಗಿ ತೋಳಿನ ಹೊಲಿಗೆಯೊಳಗೆ ಸೇರಿಕೊಳ್ಳುತ್ತದೆ. ಗೋಡೆಯಲ್ಲಿ ಕಿಟಕಿಗೆ ಜಾಗ ಬಿಟ್ಟಾಗ ಅದರ ಮೇಲೆ ಅಡ್ಡತೊಲೆಯಿಟ್ಟು ಮೇಲಿನ ಭಾರವನ್ನು ಎರಡೂ ಬದಿಯ ಗೋಡೆಗೆ ಸಾಗಿಸುವಂತೆ, ಈ ಆಧಾರಪಟ್ಟಿ ಸೀಳಿನ ಭಾರವನ್ನು ಗಟ್ಟಿಯಾದ ಹೊಲಿಗೆಗಳಿಗೆ ದಾಟಿಸುತ್ತದೆ. ಸಿದ್ಧವಾದ ಕೋಟಿನಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಆದರೂ ಜೇಬಿನ ಕೆಲಸದಲ್ಲಿ ಯಾವುದಾದರೂ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕೆಂದರೆ ಇದನ್ನೇ ಉಳಿಸಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜಾಗ ಗೊತ್ತುಮಾಡುವುದು

ಅಳತೆ ಕೊಟ್ಟು ಕೋಟು ಹೊಲಿಸುವ ಹಳೆಯ ಪದ್ಧತಿಯಲ್ಲಿ, ಮೊದಲ ಟ್ರಯಲ್‌ಗೆ ಕೋಟನ್ನು ಬರೀ ಕಚ್ಚಾ ಹೊಲಿಗೆಯಲ್ಲಿ ನಿಲ್ಲಿಸಿರುತ್ತಾರೆ. ಆಗ ಸಾಮಾನ್ಯವಾಗಿ ಅದಕ್ಕೆ ಜೇಬು ಇರುವುದಿಲ್ಲ. ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಅಂಗಡಿಗಳಲ್ಲಿ ಈ ಕ್ರಮ ಇಂದಿಗೂ ನಡೆದುಬಂದಿದೆ. ಮೊದಲ ಟ್ರಯಲ್ ಮುಗಿದಮೇಲೆ ಕೋಟನ್ನು ಪೂರ್ತಿ ಬಿಚ್ಚಿ, ಚಾಕಿನಿಂದ ಗುರುತುಗಳನ್ನು ತಿದ್ದಿ, ಆಮೇಲೆ ಜೇಬು ಕತ್ತರಿಸುತ್ತಾರೆ. ಹೀಗಾಗಿ ಜೇಬಿರುವ ಕೋಟನ್ನು ಗಿರಾಕಿ ತೊಡುವುದು ಎರಡನೆಯ ಟ್ರಯಲ್‌ನಲ್ಲಿ. ಜೇಬಿನ ಎತ್ತರ ಸೊಂಟದ ಗುಂಡಿಯನ್ನೂ ಕೋಟಿನ ಒಟ್ಟು ಉದ್ದವನ್ನೂ ಅವಲಂಬಿಸಿರುತ್ತದೆ, ಮತ್ತು ಅವೆರಡೂ ಖಚಿತವಾಗುವುದು ಮೈಮೇಲೆ ತೊಟ್ಟು ನೋಡಿದ ಮೇಲೆಯೇ. ನಮ್ಮ ಊರುಗಳಲ್ಲಿ ಮದುವೆಗೆಂದು ಅವಸರದಲ್ಲಿ ಕೋಟು ಹೊಲಿಸುವಾಗ ಒಂದೇ ಟ್ರಯಲ್ ಸಿಗುವುದುಂಟು; ಅಂಥ ಸಂದರ್ಭದಲ್ಲೂ ಜೇಬಿಗೆ ಕತ್ತರಿ ಹಾಕುವ ಮುನ್ನವೇ ಆ ಟ್ರಯಲ್ ಆಗಲಿ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಎರಡು ಗುಂಡಿಯ ಕೋಟಿನಲ್ಲಿ ಕೆಳಜೇಬಿನ ಬಾಯಿ ಸುಮಾರಾಗಿ ಕೆಳಗಿನ ಗುಂಡಿಯ ಮಟ್ಟಕ್ಕೆ ಬರುತ್ತದೆ. ಇದಕ್ಕಿಂತ ಬಹಳ ಕೆಳಗಿಟ್ಟರೆ ಕೈ ಹಾಕಲು ಭುಜ ಇಳಿಸಬೇಕಾಗುತ್ತದೆ, ಕೆಳಅಂಚಿನವರೆಗೆ ಚೀಲಕ್ಕೆ ಸಾಕಷ್ಟು ಆಳವೂ ಸಿಗುವುದಿಲ್ಲ. ಬಹಳ ಮೇಲಿಟ್ಟರೆ ಸೊಂಟ ಒಳಸರಿಯುವ ಜಾಗದಲ್ಲಿ ಜೇಬಿನ ದಪ್ಪ ಬಂದು ಕೂರುತ್ತದೆ. ಬಾಯಿಯ ಉದ್ದ ಮಧ್ಯಮ ಮೈಕಟ್ಟಿಗೆ ಐದೂವರೆಯಿಂದ ಆರು ಇಂಚಿನಷ್ಟು. ದೊಡ್ಡ ಅಂಗೈಯವರಿಗೆ ಇನ್ನೂ ಕಾಲು ಇಂಚು ಹೆಚ್ಚಿಸಿದರೆ ಒಳ್ಳೆಯದು. ಜೇಬಿನ ಮುಂದಿನ ತುದಿ ಮುಂಭಾಗದ ಡಾರ್ಟಿಗಿಂತ (ಬಟ್ಟೆ ಮೈಗೆ ಹೊಂದಲೆಂದು ಮಡಿಕೆ ಹಿಡಿದು ಹಾಕುವ ಹೊಲಿಗೆ) ಮುಕ್ಕಾಲು ಇಂಚಿನಷ್ಟು ಮುಂದಕ್ಕೆ ಚಾಚಿಕೊಂಡಿರುತ್ತದೆ.

ಈ ಡಾರ್ಟಿಗೂ ಜೇಬಿಗೂ ಇರುವ ನಂಟು ಕುತೂಹಲಕರವಾದದ್ದು. ಎದೆಯಿಂದ ಇಳಿದುಬರುವ ಡಾರ್ಟ್ ಅನೇಕ ಕೋಟುಗಳಲ್ಲಿ ಜೇಬಿನ ಗೆರೆಯವರೆಗೆ ಬಂದು ಅಲ್ಲಿಗೆ ನಿಲ್ಲುತ್ತದೆ. ತೊಡುವವರಿಗೆ ಹೊಟ್ಟೆ ತುಸು ಮುಂದಿದ್ದರೆ, ಜೇಬಿನ ಗೆರೆಯಗುಂಟ ಬೆಣೆಯಾಕಾರದ ಸಣ್ಣ ತುಂಡೊಂದನ್ನು ಅಡ್ಡಲಾಗಿ ತೆಗೆದು ಕೂಡಿಸುತ್ತಾರೆ. ಇದರಿಂದ ಮುಂಭಾಗ ಹೊಟ್ಟೆಯ ಮೇಲೆ ದುಂಡಗೆ ಹರಡಿ, ಅದರ ಕೆಳಗೆ ಮತ್ತೆ ಮೈಗೆ ಹತ್ತಿರವಾಗಿ ಇಳಿಯುತ್ತದೆ. ಈ ಅಡ್ಡಹೊಲಿಗೆ ಬಯಲಿನಲ್ಲಿ ಕಂಡರೆ ಅಸಹ್ಯ. ಜೇಬಿನ ಬಾಯಿ ಅದೇ ಗೆರೆಯ ಮೇಲೆ ಬರುವುದರಿಂದ ಅದು ಪೂರ್ತಿ ಮರೆಯಾಗುತ್ತದೆ. ವಸ್ತು ಇಡಲು ಜಾಗ ಕೊಡುವುದರ ಜೊತೆಗೆ ಕೋಟಿನ ಆಕಾರದ ಗುಟ್ಟನ್ನು ಅಡಗಿಸಿಡುವ ಕೆಲಸವನ್ನೂ ಜೇಬು ಮಾಡುತ್ತದೆ ಎಂಬುದನ್ನು ಕಲಿಯುವವರು ಬೇಗ ಅರಿತುಕೊಂಡರೆ, ಡಾರ್ಟ್, ಜೇಬು ಎರಡನ್ನೂ ಬೇರೆಬೇರೆ ಪಾಠಗಳಂತೆ ನೋಡುವುದು ತಪ್ಪುತ್ತದೆ.

ಡಬಲ್ ಬೋನ್ ಜೇಬು

ನಮ್ಮ ಟೈಲರುಗಳು ಡಬಲ್ ಬೋನ್ ಎಂದು ಕರೆಯುವ ಜೇಬು ಕೋಟಿನ ಕೆಳಜೇಬುಗಳಿಗೆಲ್ಲ ತಳಹದಿ. ಸೀಳಿನ ಮೇಲಂಚಿಗೊಂದು, ಕೆಳಂಚಿಗೊಂದು ಎಂಬಂತೆ ಕೋಟಿನದೇ ಬಟ್ಟೆಯ ಎರಡು ಸಣ್ಣ ಅಂಚುಪಟ್ಟಿಗಳು ತುಟಿಗಳಂತೆ ಎದುರುಬದುರಾಗಿ ಕೂಡಿ ಬಾಯಿಯನ್ನು ಮುಚ್ಚುತ್ತವೆ. ಹೊರಗೆ ಕಾಣುವಂತೆ ಪ್ರತಿಯೊಂದು ಪಟ್ಟಿಯ ಅಗಲ 5ರಿಂದ 6 ಮಿಲಿಮೀಟರ್ ಮಾತ್ರ. ಮೇಲಿನ ಪಟ್ಟಿಯ ಅಡಿಯಿಂದ ಫ್ಲಾಪ್ ಇಳಿಬಿಟ್ಟರೆ ಅದು ಫ್ಲಾಪ್ ಜೇಬಾಗುತ್ತದೆ. ಪ್ಯಾಂಟಿನ ಹಿಂಬದಿಯ ಜೇಬಿನಲ್ಲೂ ಇದೇ ತಂತ್ರವಿದೆ. ಹೊಸದಾಗಿ ಕಲಿಯುವವರು ಮೊದಲು ಚಿಂದಿ ಬಟ್ಟೆಯ ಮೇಲೆ, ಅನಂತರ ಪ್ಯಾಂಟಿನ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ಕೋಟಿಗೆ ಬರುವುದು ಸರಿಯಾದ ದಾರಿ.

ಬೋನ್ ಪಟ್ಟಿಗಳನ್ನು ಬಾಯಿಯ ಉದ್ದಕ್ಕಿಂತ ಒಂದೂವರೆ ಇಂಚು ಹೆಚ್ಚು ಉದ್ದವಾಗಿ, ಒಂದೂಮುಕ್ಕಾಲು ಇಂಚಿನಷ್ಟು ಅಗಲವಾಗಿ ಕತ್ತರಿಸುತ್ತಾರೆ. ಹಾಸಿನ ಎಳೆ ಪಟ್ಟಿಯ ಉದ್ದಕ್ಕೆ ಬರುವಂತೆ ಕತ್ತರಿಸಿದರೆ ಬಾಯಿ ಹಿಗ್ಗುವುದಿಲ್ಲ. ಗೀರಿರುವ ಬಟ್ಟೆಯಾದರೆ ಎರಡು ಗೀರುಗಳ ನಡುವಿನ ಖಾಲಿ ಜಾಗ ತುಟಿಯ ಮೇಲೆ ಬರುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಗೀರೊಂದು ಅಡ್ಡಲಾಗಿ ಮಲಗಿ ಜೇಬಿನ ಕಡೆಗೇ ಕಣ್ಣು ಸೆಳೆಯುತ್ತದೆ. ಚೌಕಳಿ ಬಟ್ಟೆಯಲ್ಲಿ ಕೆಲವರು ಪಟ್ಟಿಯನ್ನು ಓರೆಯಾಗಿ ಕತ್ತರಿಸುತ್ತಾರೆ. ಅದು ನೋಡಲು ಚೆನ್ನ, ಆದರೆ ಓರೆಯ ಬಟ್ಟೆ ಎಳೆದಷ್ಟೂ ಹಿಗ್ಗುವುದರಿಂದ ಹಿಂದೆ ತೆಳುವಾದ ಆಧಾರ ಬೇಕೇ ಬೇಕು.

ಇನ್ನು ಹೊಲಿಗೆ. ಬಟ್ಟೆಯ ಹೊರಮೈ ಮೇಲೆ ಜೇಬಿನ ಗೆರೆಯನ್ನು ಚೂಪಾದ ಚಾಕಿನಿಂದ ಎಳೆದು, ತುದಿಗಳಲ್ಲಿ ಗೆರೆಗೆ ಲಂಬವಾಗಿ ಒಂದೊಂದು ಅಡ್ಡಗುರುತು ಹಾಕುತ್ತಾರೆ. ಎರಡೂ ಬೋನ್ ಪಟ್ಟಿಗಳನ್ನು ಮಗುಚಿ, ಅವುಗಳ ಅಂಚುಗಳು ಆ ಗೆರೆಯ ಮೇಲೆ ಒಂದಕ್ಕೊಂದು ತಾಗುವಂತೆ ಇಟ್ಟು ಕಚ್ಚಾ ಹೊಲಿಗೆ ಹಾಕುತ್ತಾರೆ. ಆಮೇಲೆ ಗೆರೆಯಿಂದ ಮೇಲಕ್ಕೆ 5 ಮಿಲಿಮೀಟರ್, ಕೆಳಕ್ಕೆ 5 ಮಿಲಿಮೀಟರ್ ದೂರದಲ್ಲಿ ಎರಡು ಸಾಲು ಮಿಷನ್ ಹೊಲಿಗೆ ಬೀಳುತ್ತದೆ. ಈ ಎರಡು ಸಾಲುಗಳ ನಡುವಿನ ಅಂತರವೇ ಮುಂದೆ ಎರಡು ತುಟಿಗಳ ಒಟ್ಟು ಅಗಲವಾಗುವುದರಿಂದ, ಸಾಲುಗಳು ತುದಿಯಿಂದ ತುದಿಗೆ ಸಮಾಂತರವಾಗಿರಬೇಕು; ಒಂದು ಕಡೆ ಎಳೆಯಷ್ಟು ಅಗಲವಾದರೂ ಜೇಬು ಓರೆಯಾಗಿ ಕಾಣುತ್ತದೆ. ಎರಡೂ ಸಾಲುಗಳು ಒಂದೇ ಅಡ್ಡಗುರುತಿನಲ್ಲಿ ಶುರುವಾಗಿ ಒಂದೇ ಅಡ್ಡಗುರುತಿನಲ್ಲಿ ನಿಲ್ಲಬೇಕು, ಎರಡೂ ಕೊನೆಗಳಲ್ಲಿ ಹೊಲಿಗೆಯನ್ನು ಹಿಂದಕ್ಕೆ ಮರಳಿಸಿ ಬಿಗಿ ಮಾಡಬೇಕು. ಹೊಲಿದ ಕೂಡಲೇ ಬಟ್ಟೆಯನ್ನು ಮಗುಚಿ ಒಳಮೈಯಲ್ಲಿ ನೋಡಿದರೆ ಸಾಲುಗಳ ನಿಜವಾದ ಸ್ಥಿತಿ ಸ್ಪಷ್ಟವಾಗುತ್ತದೆ. ತಪ್ಪಿದ್ದರೆ ಬಿಚ್ಚಿ ಮತ್ತೆ ಹೊಲಿಯಲು ಇದು ಕಡೆಯ ಅವಕಾಶ.

ಅನಂತರದ್ದು ಕತ್ತರಿಯ ಕೆಲಸ. ಎರಡು ಸಾಲುಗಳ ನಡುವೆ, ಮಧ್ಯದಿಂದ ಆರಂಭಿಸಿ ಎರಡೂ ಕಡೆಗೆ ಸೀಳುತ್ತ ಹೋಗಿ, ತುದಿಗೆ ಇನ್ನು ಅರ್ಧ ಇಂಚಿರುವಾಗ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಸೀಳು ಕವಲೊಡೆಯುತ್ತದೆ: ಒಂದು ಕವಲು ಮೇಲಿನ ಸಾಲಿನ ಕೊನೆಯ ಹೊಲಿಗೆಗೆ, ಇನ್ನೊಂದು ಕೆಳಗಿನ ಸಾಲಿನ ಕೊನೆಯ ಹೊಲಿಗೆಗೆ ಓರೆಯಾಗಿ ಸಾಗುತ್ತದೆ, ನಡುವೆ ಪುಟ್ಟ ತ್ರಿಕೋನವೊಂದು ಉಳಿಯುತ್ತದೆ. ಬೋನ್ ಪಟ್ಟಿಗಳು ಈ ಓರೆ ಕತ್ತರಿಗೆ ಸಿಗಬಾರದು, ಮುಂಭಾಗದ ಬಟ್ಟೆಯೂ ಆಧಾರಪಟ್ಟಿಯೂ ಮಾತ್ರ ಕತ್ತರಿಸಲ್ಪಡಬೇಕು. ಕೊನೆಯ ಹೊಲಿಗೆಗೆ ಇನ್ನೊಂದೇ ಎಳೆ ಬಾಕಿಯಿದೆ ಎನ್ನುವಲ್ಲಿಗೆ ಕತ್ತರಿಯ ತುದಿ ನಿಲ್ಲಬೇಕು. ಎರಡು ಮೂರು ಎಳೆ ಹಿಂದೆಯೇ ನಿಂತರೆ ಪಟ್ಟಿಯನ್ನು ಒಳಕ್ಕೆ ಮಗುಚಿದಾಗ ಮೂಲೆಯಲ್ಲಿ ಸುಕ್ಕು ಉಳಿಯುತ್ತದೆ. ಒಂದು ಎಳೆ ಮುಂದೆ ಹೋದರೆ ಮೂಲೆಯಲ್ಲಿ ತೂತು ಬಿದ್ದು ಎಳೆಗಳು ಬಿಚ್ಚಿಕೊಳ್ಳತೊಡಗುತ್ತವೆ. ಇವೆರಡರಲ್ಲಿ ಮೊದಲನೆಯದನ್ನು ಮತ್ತೊಂದು ಎಳೆ ಕತ್ತರಿಸಿ ತಿದ್ದಬಹುದು, ಎರಡನೆಯದಕ್ಕೆ ಮದ್ದಿಲ್ಲ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ, ಮಗುಚಿ ನೋಡಿ, ಮತ್ತೆ ಕತ್ತರಿಸುವುದು ಹೇಡಿತನವಲ್ಲ, ಅದೇ ಸರಿಯಾದ ವಿಧಾನ.

ಪಟ್ಟಿಗಳನ್ನು ಒಳಕ್ಕೆ ಎಳೆದುಕೊಳ್ಳುವ ಮೊದಲು ಕೈಕೆಲಸದವರು ಮಾಡುವ ಒಂದು ಕೆಲಸವಿದೆ. ಹೊಲಿಗೆಯ ಮಾರ್ಜಿನ್ನನ್ನು ಇಸ್ತ್ರಿಯ ತುದಿಯಿಂದ ಎರಡೂ ಕಡೆಗೆ ಬಿಡಿಸಿ ಒತ್ತುತ್ತಾರೆ. ಹೀಗೆ ಮಾಡಿದರೆ ಒಂದು ಪದರ ಮೇಲಕ್ಕೂ ಇನ್ನೊಂದು ಕೆಳಕ್ಕೂ ಹಂಚಿಹೋಗಿ ತುಟಿ ತೆಳ್ಳಗೆ, ಚಪ್ಪಟೆಯಾಗಿ ಕೂರುತ್ತದೆ. ಹಾಗೆಯೇ ಬಿಟ್ಟರೆ ಎಲ್ಲ ಪದರಗಳೂ ಒಂದೇ ಕಡೆ ಸೇರಿ ಹಗ್ಗದಂತೆ ಉಬ್ಬುತ್ತದೆ. ಆಮೇಲೆ ಪಟ್ಟಿಯನ್ನು ಒಳಕ್ಕೆ ತಂದು, ಮಾರ್ಜಿನ್ನಿನ ಸುತ್ತ ಬಿಗಿಯಾಗಿ ಮಡಚಿ, ತುಟಿ ಉದ್ದಕ್ಕೂ ಒಂದೇ ಅಗಲಕ್ಕೆ ತುಂಬಿಕೊಳ್ಳುವಂತೆ ಬೆರಳಿನಿಂದ ಸರಿಪಡಿಸುತ್ತ ಕಚ್ಚಾ ಹೊಲಿಗೆ ಹಾಕುತ್ತಾರೆ. ಈ ಮಡಿಕೆಯನ್ನು ಕಾಯಂ ಮಾಡಲು ಹೊಲಿಗೆಯ ತಗ್ಗಿನೊಳಗೇ ಬೀಳುವಂತೆ ಸೂಜಿಯಿಂದ ಚುಕ್ಕಿಯಷ್ಟು ಸಣ್ಣ ಟಾಕುಗಳನ್ನು ಹಾಕಿದರೆ ಹೊರಗೆ ಏನೂ ಕಾಣಿಸದು. ಮಿಷನ್ನಿನಲ್ಲೂ ಇದನ್ನು ಮಾಡಬಹುದು, ಆದರೆ ದಪ್ಪ ಉಣ್ಣೆಯ ಬಟ್ಟೆಯಲ್ಲಿ ಕೈ ಟಾಕು ಕೊಡುವ ಮೃದುತ್ವ ಮಿಷನ್ನಿಗೆ ಬರುವುದಿಲ್ಲ.

ಎರಡೂ ತುಟಿಗಳು ಕೂಡಿದಮೇಲೆ ಬಾಯಿಯನ್ನು ಓರೆ ಟಾಕುಗಳಿಂದ ಮುಚ್ಚಿಬಿಡುತ್ತಾರೆ. ಕೋಟು ಪೂರ್ತಿಯಾಗಿ ಕೊನೆಯ ಇಸ್ತ್ರಿ ಮುಗಿಯುವವರೆಗೆ ಈ ಟಾಕುಗಳನ್ನು ತೆಗೆಯುವಂತಿಲ್ಲ. ಹೊಸ ಕೋಟು ಕೊಂಡಾಗ ಜೇಬಿನ ಬಾಯಿ ಹೊಲಿದೇ ಇರುವುದನ್ನು ಅನೇಕರು ಗಮನಿಸಿರಬಹುದು. ಜೇಬು ಆಕಾರ ಕೆಡದೆ ಗಿರಾಕಿಯ ಕೈ ಸೇರಲಿ ಎಂಬುದೇ ಅದರ ಉದ್ದೇಶ. ಚೀಲ ಇರುವ ನಿಜವಾದ ಜೇಬಾಗಿದ್ದರೆ ಆ ದಾರವನ್ನು ಜಾಗರೂಕತೆಯಿಂದ ಕತ್ತರಿಸಿ ತೆಗೆಯಬಹುದು.

ಉಳಿದ ಆ ಪುಟ್ಟ ತ್ರಿಕೋನವೇ ಇಡೀ ಜೇಬಿನ ಗಟ್ಟಿತನದ ಕೀಲಿ. ಅದನ್ನು ಒಳಕ್ಕೆ ಮಡಚಿ, ಎರಡೂ ಬೋನ್ ಪಟ್ಟಿಗಳ ತುದಿಗಳ ಮೇಲೆ ಹರಡಿ, ಅದರ ಬುಡದ ಗೆರೆಯಗುಂಟ ನಾಲ್ಕಾರು ಬಾರಿ ಹಿಂದೆಮುಂದೆ ಹೊಲಿಯುತ್ತಾರೆ. ಆಮೇಲೆ ಹೊರಗಿನಿಂದ, ಜೇಬಿನ ಎರಡೂ ತುದಿಗಳಿಗೆ ಕಾಜಾ ಹೊಲಿಯುವ ರೇಷ್ಮೆ ದಾರದಿಂದ ಅರ್ಧಚಂದ್ರದ ಆಕಾರದಲ್ಲಿ ಸಣ್ಣ ಟಾಕುಗಳ ಸಾಲೊಂದನ್ನು ಹಾಕುತ್ತಾರೆ. ಇದು ಅಲಂಕಾರದಂತೆ ಕಾಣುತ್ತದೆ. ವಾಸ್ತವವಾಗಿ ಮೇಲಿನ ಬಟ್ಟೆ, ತ್ರಿಕೋನ, ಬೋನ್ ಪಟ್ಟಿಗಳು, ಹಿಂದಿನ ಲಿನನ್ ಆಧಾರಪಟ್ಟಿ ಇಷ್ಟನ್ನೂ ಒಟ್ಟಿಗೆ ಕಟ್ಟಿಹಾಕುವುದು ಅದೇ.

ಫ್ಲಾಪ್ ಮತ್ತು ಚೀಲ

ಫ್ಲಾಪಿನ ಆಳ ಸಾಮಾನ್ಯವಾಗಿ 2ರಿಂದ ಎರಡೂಕಾಲು ಇಂಚು. ಅದರ ಬಟ್ಟೆಯ ಎಳೆ ಮುಂಭಾಗದ ಎಳೆಯ ದಿಕ್ಕಿನಲ್ಲೇ ಇರಬೇಕು, ಗೀರು ಚೌಕಳಿಗಳು ಮುಂಭಾಗದಿಂದ ಫ್ಲಾಪಿಗೆ ಕಡಿಯದೆ ಹರಿಯಬೇಕು. ಇಲ್ಲಿ ಒಂದು ತೊಡಕಿದೆ: ಜೇಬಿನ ಮೇಲೆ ಡಾರ್ಟ್ ಬಂದಿರುವುದರಿಂದ ಅದರ ಹಿಂಬದಿಯಲ್ಲಿ ಗೀರುಗಳ ಅಂತರ ಆಗಲೇ ಕದಡಿರುತ್ತದೆ, ಹಾಗಾಗಿ ಫ್ಲಾಪಿನ ಪೂರ್ತಿ ಅಗಲಕ್ಕೆ ಗೀರು ಹೊಂದಿಸುವುದು ಸಾಧ್ಯವಾಗದು. ನುರಿತವರು ಡಾರ್ಟಿನ ಮುಂದಿನ ಭಾಗದಲ್ಲಿ ಕರಾರುವಾಕ್ಕಾಗಿ ಹೊಂದಿಸಿ, ಉಳಿದದ್ದನ್ನು ತೋಳಿನ ಮರೆಗೆ ಬಿಡುತ್ತಾರೆ. ಎದುರಿಗೆ ನಿಂತವರ ಕಣ್ಣಿಗೆ ಬೀಳುವುದು ಮುಂದಿನ ಭಾಗವೇ ಆದ್ದರಿಂದ ಇದು ಸರಿಯಾದ ಆಯ್ಕೆ.

ಫ್ಲಾಪಿನ ಒಳಪದರಕ್ಕೆ ಅಸ್ತರಿನ ಬಟ್ಟೆ ಹಾಕುತ್ತಾರೆ. ಅದನ್ನು ಹೊರಪದರಕ್ಕಿಂತ ಎರಡು ಮೂರು ಮಿಲಿಮೀಟರ್ ಚಿಕ್ಕದಾಗಿ ಕತ್ತರಿಸಿ, ಹೊರಪದರವನ್ನು ತುಸು ಸಡಿಲವಾಗಿ ಬಿಟ್ಟು ಹೊಲಿದರೆ ಫ್ಲಾಪ್ ತಾನಾಗಿ ಮೈಕಡೆಗೆ ಬಾಗುತ್ತದೆ, ಅಸ್ತರಿನ ಅಂಚು ಹೊರಗೆ ಇಣುಕುವುದಿಲ್ಲ. ಎರಡೂ ಪದರ ಒಂದೇ ಅಳತೆಯದ್ದಾದರೆ ಕೆಲವು ದಿನಗಳಲ್ಲೇ ಮೂಲೆಗಳು ಮೇಲಕ್ಕೆ ಸುರುಟಿಕೊಳ್ಳುತ್ತವೆ. ಸಿದ್ಧವಾದ ಫ್ಲಾಪಿನ ಅಗಲ ಬಾಯಿಯ ಉದ್ದಕ್ಕೆ ಸಮವಾಗಿರಬೇಕು ಅಥವಾ ಕೂದಲೆಳೆಯಷ್ಟು ಹೆಚ್ಚಿರಬೇಕು. ಕಡಿಮೆಯಾದರೆ ಬದಿಯಲ್ಲಿ ಬೋನಿನ ತುದಿ ಬೋಳಾಗಿ ಕಾಣುತ್ತದೆ.

ಚೀಲಕ್ಕೆ ಬಳಸುವುದು ಒತ್ತಾಗಿ ನೇಯ್ದ, ಮೈ ನುಣುಪಾದ ಹತ್ತಿಯ ಪಾಕೆಟಿಂಗ್ ಬಟ್ಟೆ. ಇಂಗ್ಲಿಷ್ ದರ್ಜಿಗಳು ಇದನ್ನು ಸಿಲೀಸಿಯಾ ಎನ್ನುತ್ತಾರೆ; ಇಂದು ಹೆಚ್ಚಿನ ಭಾಗ ಪೋಲೆಂಡಿಗೆ ಸೇರಿರುವ ಸಿಲೀಸಿಯಾ ಪ್ರಾಂತದಿಂದ ಬಂದ ಹೆಸರು ಅದು. ಅಸ್ತರಿನ ಬಟ್ಟೆಯಲ್ಲೇ ಚೀಲ ಮಾಡಿದರೆ ಬೀಗದ ಕೈಗಳ ತಿಕ್ಕಾಟಕ್ಕೆ ಬಹುಬೇಗ ಹರಿಯುತ್ತದೆ. ಚೀಲದ ಒಂದು ಪದರವನ್ನು ಕೆಳಗಿನ ಬೋನಿನ ಅಂಚಿಗೂ ಇನ್ನೊಂದನ್ನು ಮೇಲಿನ ಬೋನಿನ ಮಾರ್ಜಿನ್ನಿಗೂ ಹೊಲಿಯುತ್ತಾರೆ. ಬಾಯಿ ತೆರೆದಾಗ ಬಿಳಿ ಬಟ್ಟೆ ಕಾಣದಿರಲೆಂದು ಹಿಂದಿನ ಪದರದ ಮೇಲ್ಭಾಗಕ್ಕೆ ಕೋಟಿನದೇ ಬಟ್ಟೆಯ ತುಂಡು ಇಡುತ್ತಾರೆ. ಚೀಲದ ಕೆಳಮೂಲೆಗಳನ್ನು ದುಂಡಗೆ ಹೊಲಿದರೆ ಕಸ, ನಾಣ್ಯ ಸಿಕ್ಕಿಕೊಳ್ಳುವುದಿಲ್ಲ. ಚೀಲ ಕೋಟಿನ ಕೆಳಅಂಚಿಗಿಂತ ಒಂದು ಇಂಚು ಮೇಲೆಯೇ ಮುಗಿಯಬೇಕು; ಅಂಚಿನ ಮಡಿಕೆಯವರೆಗೆ ಇಳಿದರೆ ಅದರ ಗುರುತು ಹೊರಗೆ ಒತ್ತಿ ಕಾಣುತ್ತದೆ. ಮುಂಭಾಗಕ್ಕೆ ಒಳಗಿನಿಂದ ಆಕಾರ ಕೊಡುವ ಗಟ್ಟಿ ಬಟ್ಟೆಯಾದ ಕ್ಯಾನ್ವಾಸ್ ಕೂರಿಸಿದಮೇಲೆ ಚೀಲದ ಅಂಚನ್ನು ಅದಕ್ಕೆ ಸಡಿಲವಾದ ಕೈ ಟಾಕುಗಳಿಂದ ಹಿಡಿಸುತ್ತಾರೆ. ಹೀಗೆ ಮಾಡಿದಾಗ ಜೇಬಿನಲ್ಲಿಟ್ಟ ವಸ್ತುವಿನ ಭಾರ ಬಾಯಿಯ ಅಂಚುಗಳನ್ನು ಎಳೆಯದೆ, ಕ್ಯಾನ್ವಾಸಿನ ಮೂಲಕ ಭುಜಕ್ಕೆ ತಲುಪುತ್ತದೆ. ಒಳಪದರವನ್ನು ಹೊಲಿಯದೆ ಅಂಟಿನಿಂದ ಕೂರಿಸಿದ ಫ್ಯೂಸಿಂಗ್ ಕೋಟುಗಳಲ್ಲಿ ಈ ಹಂಚಿಕೆ ಇರುವುದಿಲ್ಲ. ಅಲ್ಲಿ ಹೊಲಿಯುವ ಕೆಲಸವನ್ನೂ ಸೀಳುವ ಕೆಲಸವನ್ನೂ ಒಂದೇ ಯಂತ್ರ ಕೆಲವೇ ಸೆಕೆಂಡುಗಳಲ್ಲಿ ಮಾಡಿಮುಗಿಸುತ್ತದೆ, ಎಳೆ ಬಿಚ್ಚದಂತೆ ಅಂಟು ಹಿಡಿದಿಡುತ್ತದೆ. ಅದು ಅಚ್ಚುಕಟ್ಟಾದ ಜೇಬೇ ಹೌದು, ಆದರೆ ಮುಂದೊಂದು ದಿನ ಅಂಟು ಬಿಟ್ಟರೆ ಮೂಲೆಗಳಿಗೆ ಬೇರೆ ಆಸರೆಯಿಲ್ಲ.

ಎದೆಯ ಜೇಬು

ಎಡ ಎದೆಯ ಮೇಲಿನ ಜೇಬಿಗೆ ಒಂದೇ ಅಗಲವಾದ ಪಟ್ಟಿ. ಅದು ಕೆಳಂಚಿನಿಂದ ಮೇಲಕ್ಕೆ ನಿಂತು ಬಾಯಿಯನ್ನು ಮರೆಮಾಡುತ್ತದೆ. ಇದನ್ನು ವೆಲ್ಟ್ ಎನ್ನುತ್ತಾರೆ. ಉದ್ದ ಸುಮಾರು 4 ಇಂಚು, ಎತ್ತರ ಒಂದು ಇಂಚಿಗಿಂತ ತುಸು ಕಡಿಮೆ, ತೋಳಿನ ಕಡೆಯ ತುದಿ ಅರ್ಧ ಇಂಚಿನಷ್ಟು ಮೇಲಕ್ಕೆ. ನಮ್ಮಲ್ಲಿ ಮದುವೆಗಳಲ್ಲಿ ತೊಡುವ ಬಂದ್‌ಗಲಾ ಕೋಟಿನಲ್ಲೂ ಇದೇ ಜೇಬಿದೆ. ಅಲ್ಲಿ ಲ್ಯಾಪೆಲ್ (ಕಾಲರಿನಿಂದ ಎದೆಯ ಮೇಲೆ ಮಡಚಿಕೊಳ್ಳುವ ಭಾಗ) ಇಲ್ಲದ ಕಾರಣ ಎದೆಯ ಮೇಲೆ ಬೇರೇನೂ ಕಣ್ಣು ಸೆಳೆಯುವುದಿಲ್ಲ, ವೆಲ್ಟಿನ ತಪ್ಪೊಪ್ಪುಗಳು ಇನ್ನಷ್ಟು ಎದ್ದು ಕಾಣುತ್ತವೆ.

ಕೆಳಜೇಬಿಗಿಂತ ಇದು ಕಷ್ಟ ಎಂದು ನಾನು ಭಾವಿಸುತ್ತೇನೆ, ಕಾರಣ ವೆಲ್ಟ್ ಆಯತಾಕಾರದ್ದಲ್ಲ. ಮೇಲಂಚು ಕೆಳಂಚುಗಳು ಓರೆಯಾಗಿದ್ದರೂ ಬದಿಯ ಅಂಚುಗಳು ಹಾಸಿನ ಎಳೆಯಗುಂಟ ನೆಟ್ಟಗೆ ನಿಲ್ಲಬೇಕು. ಗೀರಿನ ಬಟ್ಟೆಯಲ್ಲಿ ಗೀರು ಎದೆಯಿಂದ ವೆಲ್ಟಿಗೆ ಹಾದು ಮತ್ತೆ ಎದೆಗೆ ಸೇರಬೇಕು. ಇದಕ್ಕಾಗಿ ವೆಲ್ಟಿನ ತುಂಡನ್ನು ಕತ್ತರಿಸುವ ಮುನ್ನ ಎದೆಯ ಮೇಲೆ ಇಟ್ಟು, ಗೀರು ಹೊಂದಿಸಿ, ಚಾಕಿನಲ್ಲಿ ಗುರುತು ಮಾಡಿಕೊಳ್ಳುತ್ತಾರೆ. ಒಳಗೆ ಅದೇ ಆಕಾರದ ಲಿನನ್ ಅಥವಾ ಕ್ಯಾನ್ವಾಸಿನ ತುಂಡನ್ನಿಟ್ಟು ಬಟ್ಟೆಯನ್ನು ಅದರ ಸುತ್ತ ಮಡಚುತ್ತಾರೆ. ವೆಲ್ಟಿನ ಕೆಳಂಚನ್ನು ಎದೆಗೆ ಹೊಲಿದು, ಅದರ ಮೇಲೆ ಅರ್ಧ ಇಂಚು ಬಿಟ್ಟು ಚೀಲದ ಬಟ್ಟೆಯನ್ನು ಹೊಲಿಯುತ್ತಾರೆ. ಈ ಎರಡನೆಯ ಸಾಲು ಮೊದಲನೆಯದಕ್ಕಿಂತ ಎರಡೂ ತುದಿಗಳಲ್ಲಿ 3 ಮಿಲಿಮೀಟರಿನಷ್ಟು ಮೊದಲೇ ನಿಲ್ಲಬೇಕು. ಸಮವಾಗಿ ಹೊಲಿದರೆ ವೆಲ್ಟನ್ನು ಮೇಲಕ್ಕೆತ್ತಿ ನಿಲ್ಲಿಸಿದಾಗ ಸೀಳಿನ ಮೂಲೆ ಅದರ ಬದಿಯಿಂದ ಹೊರಗೆ ಇಣುಕುತ್ತದೆ. ಕಲಿಯುವವರ ಎದೆಜೇಬುಗಳಲ್ಲಿ ಕಾಣುವ ತೂತುಗಳಲ್ಲಿ ಬಹುಪಾಲು ಈ ಅಳತೆಯನ್ನು ಮರೆತದ್ದರಿಂದ ಆದವು.

ವೆಲ್ಟಿನ ಬದಿಗಳನ್ನು ಕಾಣದ ಟಾಕುಗಳಿಂದ ಎದೆಗೆ ಹೊಲಿಯುವಾಗ ಮುಂಭಾಗವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಬಾರದು. ಎದೆ ಉಬ್ಬಾಗಿರುವ ಜಾಗ. ದಿಂಬಿನಂತೆ ಗಟ್ಟಿಯಾಗಿ ತುಂಬಿದ ಇಸ್ತ್ರಿ ಮೆತ್ತೆಯ ಮೇಲಿಟ್ಟು, ಆ ಉಬ್ಬಿನ ಮೇಲೆಯೇ ವೆಲ್ಟನ್ನು ಕೂರಿಸಿ ಟಾಕು ಹಾಕಿದರೆ ತೊಟ್ಟಾಗಲೂ ಅದು ಎದೆಯ ಸುತ್ತು ಹಿಡಿದು ನಿಲ್ಲುತ್ತದೆ. ಇಟಲಿಯ ನೇಪಲ್ಸ್ ನಗರದ ದರ್ಜಿಗಳು ವೆಲ್ಟಿನ ಗೆರೆಗಳನ್ನೇ ಬಾಗಿಸಿ ಪುಟ್ಟ ದೋಣಿಯಂತೆ ಮಾಡುತ್ತಾರೆ. ಬಾಗಿದ ಗೆರೆಯಲ್ಲಿ ಎಳೆಗಳು ಓರೆಗೆ ಸಿಗುವುದರಿಂದ ಅಂಚು ಹಿಗ್ಗುವ ಭಯ ಹೆಚ್ಚು. ಅದನ್ನು ಹಿಗ್ಗದಂತೆ ಹಿಡಿದಿಡುವಲ್ಲಿ ಅವರ ಕೈಚಳಕ ಕಾಣುತ್ತದೆ.

ಸೀಳಿಲ್ಲದ ಜೇಬು

ಪ್ಯಾಚ್ ಜೇಬಿನಲ್ಲಿ ಮುಂಭಾಗವನ್ನು ಕತ್ತರಿಸುವುದೇ ಇಲ್ಲ, ಹೊರಗಿನಿಂದ ತುಂಡೊಂದನ್ನು ಕೂರಿಸುತ್ತಾರೆ. ಎಳೆಗಳು ಸಡಿಲವಾಗಿರುವ ಲಿನನ್, ಒರಟು ಟ್ವೀಡ್ ಮುಂತಾದ ಬಟ್ಟೆಗಳಿಗೆ ಇದು ಬಹಳ ಸೂಕ್ತ. ಅಂಥ ಬಟ್ಟೆಯಲ್ಲಿ ಬೋನ್ ಜೇಬಿನ ಮೂಲೆಯನ್ನು ಒಂದೆಳೆಯ ಲೆಕ್ಕದಲ್ಲಿ ಕತ್ತರಿಸುವುದೇ ದುಸ್ಸಾಹಸ. ಇದನ್ನು ಸುಲಭದ ಜೇಬು ಎಂದು ಬಗೆದರೆ ಮಾತ್ರ ಕೆಟ್ಟಿತು. ಸೊಂಟದ ಕೆಳಗೆ ಮೈ ದುಂಡಗಿರುವುದರಿಂದ ಪ್ಯಾಚನ್ನು ಚಪ್ಪಟೆಯಾಗಿಟ್ಟು ಹೊಲಿದರೆ ತೊಟ್ಟಾಗ ಅದು ಬಿಗಿದು ಮುಂಭಾಗವನ್ನು ಸುಕ್ಕುಗಟ್ಟಿಸುತ್ತದೆ. ಮುಂಭಾಗವನ್ನು ಮೆತ್ತೆಯ ಮೇಲೆ ಬಾಗಿಸಿ, ಪ್ಯಾಚಿಗೆ ಅಗಲದಲ್ಲಿ ಮೂರು ನಾಲ್ಕು ಮಿಲಿಮೀಟರ್ ಸಡಿಲ ಕೊಟ್ಟು ಕಚ್ಚಾ ಹೊಲಿಗೆ ಹಾಕಬೇಕು. ಆಮೇಲೆ ಜೇಬಿನ ಒಳಗಿನಿಂದ ಕೈಟಾಕು ಹಾಕುತ್ತ ಹೋದರೆ ಹೊರಗೆ ಹೊಲಿಗೆಯೇ ಕಾಣದು. ದುಂಡನೆಯ ಮೂಲೆಗಳು ಎರಡೂ ಬದಿಯಲ್ಲಿ ಒಂದೇ ತೆರನಾಗಿ ಬರಲು ರಟ್ಟಿನ ಅಚ್ಚು ಕತ್ತರಿಸಿಕೊಂಡು, ಅದರ ಸುತ್ತ ಅಂಚನ್ನು ಇಸ್ತ್ರಿಯಿಂದ ಮಡಚುತ್ತಾರೆ. ಪ್ಯಾಚಿನ ಬಾಯಿಯ ಎರಡು ಮೂಲೆಗಳ ಹಿಂದೆಯೂ ಆಧಾರದ ತುಂಡು ಇರಲೇಬೇಕು.

ಯಾವ ಕೋಟಿಗೆ ಯಾವ ಜೇಬು ಎಂಬುದರಲ್ಲಿ ರೂಢಿಯ ಪಾತ್ರವಿದೆ. ಸಂಜೆಯ ಔಪಚಾರಿಕ ಡಿನ್ನರ್ ಜಾಕೆಟ್ಟಿಗೆ ಫ್ಲಾಪಿಲ್ಲದ ಬೋನ್ ಜೇಬು, ಕಚೇರಿಯ ಸೂಟಿಗೆ ಫ್ಲಾಪ್ ಜೇಬು, ಬಿಡುವಿನ ವೇಳೆಯ ಜಾಕೆಟ್ಟಿಗೆ ಪ್ಯಾಚ್. ಕುದುರೆ ಸವಾರಿಯ ಕೋಟುಗಳಲ್ಲಿ ಕುಳಿತಲ್ಲಿಂದಲೇ ಕೈಗೆ ಸಿಗಲೆಂದು ಜೇಬನ್ನು ಹಿಂದಕ್ಕೆ ಇಳಿಜಾರಾಗಿ ಇಡುತ್ತಿದ್ದರು. ಆ ವಿನ್ಯಾಸ ಈಗ ಪೇಟೆಯ ಸೂಟುಗಳಲ್ಲೂ ಇದೆ. ಇಳಿಜಾರು ಹೆಚ್ಚಿದಷ್ಟೂ ಸೀಳು ಬಟ್ಟೆಯ ಓರೆಗೆ ಹತ್ತಿರವಾಗಿ ಬಾಯಿ ಹಿಗ್ಗುವ ಸಂಭವ ಹೆಚ್ಚುವುದರಿಂದ, ಆಧಾರಪಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಸಬೇಕಾಗುತ್ತದೆ.

ಒಳಜೇಬುಗಳೂ ಬೋನ್ ಜೇಬುಗಳೇ. ಅವುಗಳ ಬೋನನ್ನು ಬಹುವಾಗಿ ಅಸ್ತರಿನ ಬಟ್ಟೆಯಲ್ಲೇ ಮಾಡುತ್ತಾರೆ. ಸುಮಾರು 200 ಗ್ರಾಂ ತೂಗುವ ಇಂದಿನ ಮೊಬೈಲನ್ನು ಕೋಟಿನಲ್ಲಿಡಲೇಬೇಕಾದರೆ ಅದಕ್ಕೆ ತಕ್ಕ ಜಾಗ ಎದೆಯ ಒಳಜೇಬು. ಅದರ ಬಾಯಿ ಭುಜಕ್ಕೆ ಹತ್ತಿರವಿರುವುದರಿಂದ ಭಾರ ಬೇಗ ಭುಜಕ್ಕೆ ತಲುಪುತ್ತದೆ, ಮುಂಭಾಗ ಜೋತುಬೀಳುವುದಿಲ್ಲ. ಕೋಟು ಹೊಲಿಸುವಾಗಲೇ ಮೊಬೈಲಿನ ಅಳತೆ ಕೊಟ್ಟರೆ ಆಳವನ್ನು ಅದಕ್ಕೆ ಹೊಂದಿಸಬಹುದು.

ಬಾಯಿ ಬಿಡುವ ಜೇಬು

ಎಷ್ಟು ಎಚ್ಚರದಿಂದ ಹೊಲಿದರೂ ಕೆಲವು ಕೋಟುಗಳಲ್ಲಿ ಕೆಳಜೇಬು ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಹೆಚ್ಚಿನವರು ಇದನ್ನು ಜೇಬಿನ ತಪ್ಪೆಂದೇ ತಿಳಿಯುತ್ತಾರೆ. ಪರೀಕ್ಷಿಸಲು ಒಂದು ಸರಳ ದಾರಿಯುಂಟು: ಕೋಟನ್ನು ಹ್ಯಾಂಗರಿಗೆ ತೂಗುಹಾಕಿ ನೋಡಬೇಕು. ತೂಗುಹಾಕಿದಾಗಲೂ ಬಾಯಿ ತೆರೆದೇ ಇದ್ದರೆ, ಹೊಲಿಯುವಾಗ ಅಂಚು ಹಿಗ್ಗಿದೆ ಅಥವಾ ಬೋನಿನ ಅಗಲ ಸಾಲುಗಳ ನಡುವಿನ ಅಂತರವನ್ನು ತುಂಬುತ್ತಿಲ್ಲ ಎಂದರ್ಥ. ಹ್ಯಾಂಗರಿನಲ್ಲಿ ಮುಚ್ಚಿಕೊಂಡಿದ್ದು ಮೈಮೇಲೆ ಮಾತ್ರ ತೆರೆದುಕೊಂಡರೆ, ಸೊಂಟದ ಕೆಳಗಿನ ಸುತ್ತಳತೆ ಸಾಲುತ್ತಿಲ್ಲ. ಪಕ್ಕದ ಹೊಲಿಗೆಯಲ್ಲಿ ಉಳಿದಿರುವ ಮಾರ್ಜಿನ್ ಬಿಟ್ಟುಕೊಟ್ಟರೆ ಜೇಬನ್ನು ಮುಟ್ಟದೆಯೇ ಅದು ಸರಿಹೋಗುತ್ತದೆ. ತುಟಿಗಳು ಒಂದರ ಮೇಲೊಂದು ಏರಿ ಕೂರುವುದು ಇದಕ್ಕೆ ವಿರುದ್ಧವಾದ ದೋಷ. ಬೋನ್ ಪಟ್ಟಿಗಳನ್ನು ಅಂತರದ ಅರ್ಧಕ್ಕಿಂತ ಅಗಲವಾಗಿ ಮಡಚಿದಾಗ ಹಾಗಾಗುತ್ತದೆ.

ಇಸ್ತ್ರಿಯಿಂದಾಗುವ ಕೇಡೂ ಸಣ್ಣದಲ್ಲ. ಹೊರಗಿನಿಂದ ನೇರವಾಗಿ ಒತ್ತಿದರೆ ಫ್ಲಾಪಿನ ಅಂಚು, ಬೋನಿನ ದಪ್ಪ, ಚೀಲದ ಗೆರೆ ಎಲ್ಲವೂ ಬಟ್ಟೆಯ ಮೇಲೆ ಹೊಳೆಯುವ ಗುರುತಾಗಿ ಮೂಡುತ್ತವೆ. ಫ್ಲಾಪಿನ ಅಡಿಗೂ ಬೋನಿನ ಅಡಿಗೂ ದಪ್ಪ ಕಾಗದದ ಪಟ್ಟಿಗಳನ್ನು ತೂರಿಸಿ, ಮೇಲೆ ತುಸು ಒದ್ದೆ ಮಾಡಿದ ಹತ್ತಿ ಬಟ್ಟೆ ಹರಡಿ, ಸಾಧ್ಯವಾದಷ್ಟೂ ಒಳಮೈಯಿಂದಲೇ ಒತ್ತಬೇಕು. ಮನೆಯಲ್ಲಿ ಇಸ್ತ್ರಿ ಮಾಡಿಕೊಳ್ಳುವವರಿಗೂ ಇದು ಅನ್ವಯಿಸುತ್ತದೆ.

ಕೋಟು ಹೊಲಿಸಿದವರು ಉಳಿದ ಬಟ್ಟೆಯ ತುಂಡುಗಳನ್ನು ಟೈಲರ ಬಳಿ ಕೇಳಿ ತೆಗೆದಿರಿಸಿಕೊಳ್ಳಬೇಕು. ಬಳಕೆಯಲ್ಲಿ ಮೊದಲು ಸವೆಯುವುದು ಕೆಳಜೇಬಿನ ಬೋನ್ ಮತ್ತು ಫ್ಲಾಪಿನ ಮೇಲ್ಮಡಿಕೆ. ಆಧಾರಪಟ್ಟಿ ಸರಿಯಾಗಿದ್ದು ಮೂಲೆಗಳು ಹರಿಯದೆ ಉಳಿದಿದ್ದರೆ, ಹಳೆಯ ಬೋನನ್ನು ಬಿಚ್ಚಿ ಅದೇ ಬಟ್ಟೆಯ ಹೊಸ ಪಟ್ಟಿಯನ್ನು ಹಳೆಯ ಹೊಲಿಗೆಯ ಗುರುತಿನ ಮೇಲೆಯೇ ಹೊಲಿಯಬಹುದು. ಬಟ್ಟೆ ಉಳಿದಿರದಿದ್ದರೆ ಕೋಟಿನ ಕೆಳಅಂಚಿನ ಒಳಮಡಿಕೆಯಿಂದ ಕಿರಿದಾದ ಪಟ್ಟಿ ತೆಗೆದುಕೊಳ್ಳುವುದುಂಟು. ಆದರೆ ಕೋಟಿನ ಉದ್ದವನ್ನು ಮಾತ್ರ ಒಂದು ಇಂಚಿಗಿಂತ ಹೆಚ್ಚು ಕಡಿಮೆ ಮಾಡಿಸಬಾರದು: ಜೇಬು ಇದ್ದಲ್ಲೇ ಉಳಿದು ಅಂಚು ಮೇಲೇರಿದರೆ ಚೀಲವನ್ನೂ ಮೊಟಕುಗೊಳಿಸಬೇಕಾಗುತ್ತದೆ, ಫ್ಲಾಪ್ ಕೆಳಅಂಚಿನ ಮೇಲೆಯೇ ಕೂತಂತೆ ಕಾಣುತ್ತದೆ.